ಹಾರ್ಡ್‌ವೇರ್ ಎಲ್ಲಿದೆ ಎಂದು ಕೇಳಿದ ಪರೀಕ್ಷಕರಿಗೆ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಕೊನೇ ವರ್ಷದ ಪ್ರಾಜೆಕ್ಟ್‌ಗಳ ಬಗ್ಗೆ ನಿಮ್ಮ ಶಿಕ್ಷಣ ಪುಟದಲ್ಲಿ ಬಂದ ಬರಹ ಓದಿದೆ. ಎಂಬೆಡೆಡ್ (ಉಪಕರಣಗಳೊಳಗಿನ ಪುಟ್ಟ ಕಂಪ್ಯೂಟರ್‌ಗಳ) ವಿಷಯ ತೆಗೆದುಕೊಂಡ ಮಕ್ಕಳು ಎಲ್ಲವನ್ನೂ ಕಂಪ್ಯೂಟರ್ ಪರದೆ ಮೇಲೆಯೇ ತೋರಿಸಿ ಮುಗಿಸುತ್ತಾರೆ, ಇನ್ನು ಮುಂದೆ ನಿಜವಾದ ಬೋರ್ಡ್ ಇಲ್ಲದ ಪ್ರಾಜೆಕ್ಟ್‌ಗಳನ್ನು ಒಪ್ಪಲೇಬಾರದು ಎಂದು ಅದರ ಲೇಖಕರು ಹೇಳಿದ್ದಾರೆ. ಕೊಂಡು ತಂದ ಪ್ರಾಜೆಕ್ಟ್ ಹಿಡಿಯುವುದು ಹೇಗೆ ಎಂದೂ ಕೇಳಿದ್ದಾರೆ. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ಪದ್ಧತಿ ನಿಲ್ಲಬೇಕು ಎಂಬ ಕಾಳಜಿ ನನಗೂ ಇದೆ. ಆದರೆ ಅವರು ಸೂಚಿಸಿದ ಮದ್ದು ತಪ್ಪು. ರೆಡಿಮೇಡ್ ಪ್ರಾಜೆಕ್ಟ್ ಮಾರುವವರು ಬೋರ್ಡನ್ನೂ ಸೇರಿಸಿಯೇ ಮಾರುತ್ತಾರೆ. ಹಾಗಾಗಿ ಪೆಟ್ಟು ಬೀಳುವುದು ಸ್ವಂತವಾಗಿ ಕೂತು ಕೆಲಸ ಮಾಡಿದ ಮಕ್ಕಳಿಗೆ.

ಇದನ್ನು ಸುಮ್ನೆ ಊಹೆಯ ಮೇಲೆ ಹೇಳುತ್ತಿಲ್ಲ. ನಾನು ತಿಪಟೂರಿನವಳು. ಬೆಂಗಳೂರಿನ ಒಂದು ಚಿಪ್ ಕಂಪನಿಯಲ್ಲಿ ಫರ್ಮ್‌ವೇರ್, ಅಂದರೆ ಹಾರ್ಡ್‌ವೇರನ್ನು ನೇರವಾಗಿ ನಡೆಸುವ ಕೋಡ್, ಬರೆಯುವುದು ನನ್ನ ಕೆಲಸ. ಶನಿವಾರ ಬಿಡುವಾದಾಗ ನಮ್ಮ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಮಕ್ಕಳ ಜೊತೆ ಕೂರುತ್ತೇನೆ. ಈ ವರ್ಷ ಅಲ್ಲಿನ ಮೂವರು ವಿದ್ಯಾರ್ಥಿಗಳು ಒಂದು ಪುಟ್ಟ ಬೂಟ್‌ಲೋಡರ್, ಅಂದರೆ ಯಂತ್ರ ಶುರುವಾದಾಗ ಆಪರೇಟಿಂಗ್ ಸಿಸ್ಟಂ ಅನ್ನು ಎತ್ತಿ ತರುವ ಪ್ರೋಗ್ರಾಂ, ಬರೆದರು. ಕ್ಯೂಎಮು ಎಂಬ ಉಚಿತ ಸಾಫ್ಟ್‌ವೇರ್ ಒಳಗಿನ ವರ್ಚುವಲ್ ಯಂತ್ರದಲ್ಲಿ, ಅಂದರೆ ಸಾಫ್ಟ್‌ವೇರೇ ನಟಿಸುವ ಕಂಪ್ಯೂಟರಿನಲ್ಲಿ, ಅದು ಓಡುತ್ತದೆ. ವರ್ಚುವಲ್ ಡಿಸ್ಕ್‌ನಿಂದ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಓದುತ್ತದೆ, ಬೇಕಾದರೆ ನೆಟ್‌ವರ್ಕ್‌ನಿಂದ ತರಿಸಿಕೊಳ್ಳುತ್ತದೆ, ಆಮೇಲೆ ಕೆಲಸವನ್ನು ಲಿನಕ್ಸ್‌ಗೆ ಒಪ್ಪಿಸುತ್ತದೆ. ಹೊರಗಿನಿಂದ ಬಂದ ಪರೀಕ್ಷಕರು ಪರದೆಯನ್ನು ಒಮ್ಮೆ ನೋಡಿ ‘ಇದರಲ್ಲಿ ಹಾರ್ಡ್‌ವೇರ್ ಎಲ್ಲಿದೆ?’ ಎಂದು ಕೇಳಿದರು. ಕೋಡ್ ತೆರೆಯಲೇ ಇಲ್ಲ. ಪಕ್ಕದ ಟೇಬಲ್ಲಿನಲ್ಲಿ ಎಲ್‌ಇಡಿ ಮಿನುಗಿಸಿದ ತಂಡಕ್ಕೆ ಇವರಿಗಿಂತ ಜಾಸ್ತಿ ಅಂಕ ಬಂತು. ಆ ಮೂವರಲ್ಲಿ ಒಬ್ಬಳು ನನಗೆ ಫೋನ್ ಮಾಡಿ, ‘ಮೇಡಂ, ನಾವು ಮಾಡಿದ್ದು ಫರ್ಮ್‌ವೇರ್ ಅಲ್ವಾ?’ ಎಂದು ಕೇಳಿದಳು. ಆ ಪ್ರಶ್ನೆಗೆ ನಾಲ್ಕು ಜನರ ಮುಂದೆ ಉತ್ತರ ಕೊಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಜಾಗ ಕೊಡಿ.

ಮೊದಲಿಗೆ, ಫರ್ಮ್‌ವೇರ್ ಬರೆಯುವವರಿಗೆ ಹಾರ್ಡ್‌ವೇರ್ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ನಮಗೆ ಸಾಧನವೆಂದರೆ ಕೆಲವು ವಿಳಾಸಗಳು, ಅಷ್ಟೇ. ಮೆಮೊರಿಯ ವಿಳಾಸಗಳ ಸಾಲಿನಲ್ಲೇ ಒಂದು ತುಂಡನ್ನು ಸಾಧನಕ್ಕೆ ಬಿಟ್ಟಿರುತ್ತಾರೆ. ಅಲ್ಲಿ ಒಂದು ಸಂಖ್ಯೆ ಬರೆದರೆ ಅದು ಮೆಮೊರಿಗೆ ಹೋಗುವುದಿಲ್ಲ, ಸಾಧನದ ರಿಜಿಸ್ಟರ್‌ಗೆ ಹೋಗುತ್ತದೆ. ಅಲ್ಲಿಂದ ಓದಿದರೆ ಸಾಧನವೇ ಉತ್ತರ ಕೊಡುತ್ತದೆ. ಇದಕ್ಕೆ ಮೆಮೊರಿ-ಮ್ಯಾಪ್ಡ್ ಐಒ ಅನ್ನುತ್ತಾರೆ. ಆ ವಿಳಾಸದ ಆಚೆ ಸಿಲಿಕಾನ್ ಇದೆಯೋ, ಇನ್ನೊಂದು ಪ್ರೋಗ್ರಾಂ ಇದೆಯೋ, ಈಚೆಗಿರುವ ಕೋಡ್‌ಗೆ ಗೊತ್ತಾಗುವುದಿಲ್ಲ.

ವರ್ಚುವಲ್ ಯಂತ್ರದಲ್ಲಿ ಆಚೆ ಇರುವುದು ಕ್ಯೂಎಮು. ಇದನ್ನು ಶುರು ಮಾಡಿದವರು ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲಾರ್ಡ್, 2003ರಲ್ಲಿ. ಇವತ್ತು ಇದು ನೂರಾರು ಜನ ಸೇರಿ ಕಟ್ಟುತ್ತಿರುವ ಮುಕ್ತ ತಂತ್ರಾಂಶ. ಅದರಲ್ಲಿ ‘ವರ್ಟ್’ ಎಂಬ ಹೆಸರಿನ ಯಂತ್ರಗಳಿವೆ. ಮಾರುಕಟ್ಟೆಯ ಯಾವ ಬೋರ್ಡಿನ ನಕಲೂ ಅಲ್ಲದ, ವರ್ಚುವಲ್ ಲೋಕಕ್ಕೆಂದೇ ಮಾಡಿದ ಯಂತ್ರಗಳು ಇವು. ನಮ್ಮ ಮಕ್ಕಳು ತೆಗೆದುಕೊಂಡದ್ದು ರಿಸ್ಕ್-ಫೈವ್ ಪ್ರೊಸೆಸರ್‌ನ ವರ್ಟ್ ಯಂತ್ರ. ಅದರ ನಕ್ಷೆ ಬಾಯಿಪಾಠ ಮಾಡುವಷ್ಟು ಸರಳ. ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಆಧಾರದ ಸಂಖ್ಯೆಗಳಲ್ಲಿ) ಹೇಳುವುದಾದರೆ, ಪವರ್ ಕೊಟ್ಟ ಕೂಡಲೇ 1000ದಲ್ಲಿರುವ ಸಣ್ಣ ರೋಮ್‌ನ (ಓದಲಷ್ಟೇ ಬರುವ ಮೆಮೊರಿಯ) ಕೋಡ್ ಓಡಿ 80000000ಕ್ಕೆ ಜಿಗಿಯುತ್ತದೆ. ಮೆಮೊರಿ ಶುರುವಾಗುವುದೇ ಅಲ್ಲಿಂದ. ಸೀರಿಯಲ್ ಪೋರ್ಟ್ ಇರುವುದು 10000000ದಲ್ಲಿ. ಅದರ ಮುಂದೆ 10001000ದಿಂದ 10008000ದವರೆಗೆ ಎಂಟು ಸ್ಲಾಟ್‌ಗಳು. ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಕೂರುವುದು ಈ ಸ್ಲಾಟ್‌ಗಳಲ್ಲಿ.

ಈ ಸ್ಲಾಟ್‌ಗಳು ಮಾತಾಡುವ ರೀತಿಗೆ ವರ್ಟ್‌ಐಒ ಎಂದು ಹೆಸರು. ಮೊದಲೆಲ್ಲ ಒಂದೊಂದು ವರ್ಚುವಲೈಸೇಶನ್ ಸಾಫ್ಟ್‌ವೇರ್‌ಗೆ ಒಂದೊಂದು ಬಗೆಯ ಡಿಸ್ಕ್ ಡ್ರೈವರ್ ಬರೆಯಬೇಕಾಗಿತ್ತು. ಆ ಗೋಳು ತಪ್ಪಿಸಲು ಲಿನಕ್ಸ್ ಕರ್ನಲ್‌ನ ರಸ್ಟಿ ರಸಲ್ ವರ್ಟ್‌ಐಒ ರೂಪಿಸಿದರು, 2008ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಬರೆದರು. ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಬಸ್ ಇಲ್ಲದ ಯಂತ್ರಗಳಿಗೂ ಇದು ಬೇಕಲ್ಲ ಎಂದು ಆರ್ಮ್ ಕಂಪನಿಯ ಪಾವೆಲ್ ಮೋಲ್ 2011ರಲ್ಲಿ ಮೆಮೊರಿ-ಮ್ಯಾಪ್ಡ್ ರೂಪ ಬರೆದರು. ಆಮೇಲೆ ಓಯಸಿಸ್ ಎಂಬ ಮಾನದಂಡ ರೂಪಿಸುವ ಸಂಸ್ಥೆ ವರ್ಟ್‌ಐಒ 1.0 ಮಾನದಂಡವನ್ನು ಪ್ರಕಟಿಸಿತು. ಅದರ ಪೂರ್ತಿ ಪಠ್ಯ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ನನಗೆ ಇದು ದೊಡ್ಡ ವಿಷಯ. ನಿಜವಾದ ಚಿಪ್‌ಗಳ ಡೇಟಾಶೀಟ್ ಬೇಕೆಂದರೆ ಎಷ್ಟೋ ಸಲ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ತಿಪಟೂರಿನ ಹುಡುಗಿಗೆ ಅದನ್ನು ಯಾರು ಕೊಡುತ್ತಾರೆ?

ಈಗ ಮಕ್ಕಳು ಏನು ಮಾಡಿದರು ಎಂದು ಹತ್ತಿರದಿಂದ ನೋಡೋಣ.

ಒಂದು ಸ್ಲಾಟಿನ ಮೊದಲ ರಿಜಿಸ್ಟರ್ ಓದಿದರೆ ಹೆಕ್ಸ್‌ನಲ್ಲಿ 74726976 ಬರಬೇಕು. ಇಂಗ್ಲಿಷಿನ ವಿ, ಐ, ಆರ್, ಟಿ ಅಕ್ಷರಗಳ ಸಂಖ್ಯೆಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿದ ಗುರುತು ಅದು. ಎರಡನೆಯದು ಆವೃತ್ತಿ. ಮೂರನೆಯದು ಸಾಧನ ಯಾವುದು ಎಂದು ಹೇಳುತ್ತದೆ: 1 ಅಂದರೆ ನೆಟ್‌ವರ್ಕ್, 2 ಅಂದರೆ ಡಿಸ್ಕ್, 0 ಅಂದರೆ ಸ್ಲಾಟ್ ಖಾಲಿ. ಖಾಲಿ ಸ್ಲಾಟ್ ಕೂಡ ಮೊದಲ ಗುರುತನ್ನು ಸರಿಯಾಗಿಯೇ ಕೊಡುತ್ತದೆ. ಖಾಲಿ ಇದ್ದರೆ ಗಲಾಟೆ ಮಾಡದೆ ಮುಂದೆ ಹೋಗಬೇಕು, ದೋಷ ಎಂದು ಹೇಳಲೇಬಾರದು ಎಂದು ಮಾನದಂಡದಲ್ಲಿ ಸ್ಪಷ್ಟವಾಗಿ ಬರೆದಿದೆ. ಇನ್ನೊಂದು ವಿಷಯ. ಸ್ಲಾಟ್ ಇಂಥದ್ದೇ ಎಂದು ಹೇಳದೆ ಡಿಸ್ಕ್ ಸೇರಿಸಿದರೆ ಕ್ಯೂಎಮು ಅದನ್ನು ಮೊದಲ ಸ್ಲಾಟಿಗೆ ಹಾಕುವುದಿಲ್ಲ, ಕೊನೆಯದಕ್ಕೆ, ಅಂದರೆ 10008000ಕ್ಕೆ ಹಾಕುತ್ತದೆ. ಹೊಸಬರು 10001000ವನ್ನೇ ನೋಡುತ್ತಾ ಡಿಸ್ಕ್ ಇಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಮಾಮೂಲಿ. ವಿಳಾಸವನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಬರೆದುಬಿಡುವ ಬದಲು ಈ ಮಕ್ಕಳು ಯಂತ್ರವೇ ಕೊಡುವ ಡಿವೈಸ್ ಟ್ರೀ ಎಂಬ ಸಾಧನಗಳ ಪಟ್ಟಿ ಓದಿ ಸ್ಲಾಟ್‌ಗಳನ್ನು ಹುಡುಕಿದರು. ಸರಿಯಾದ ದಾರಿ ಅದೇ. ಪಿಸಿಐನಲ್ಲಿರುವಂತೆ ‘ಯಾರ್ಯಾರು ಇದ್ದೀರಿ’ ಎಂದು ಬಸ್ಸನ್ನೇ ಕೇಳುವ ಅನುಕೂಲ ಇಲ್ಲಿಲ್ಲ.

ಆವೃತ್ತಿ ರಿಜಿಸ್ಟರ್ ಇನ್ನೊಂದು ಕಿರಿಕಿರಿ. ಮಾನದಂಡ ಓದಿಕೊಂಡು ಬಂದವರು ಅಲ್ಲಿ 2 ಇರುತ್ತದೆ ಅಂದುಕೊಂಡಿರುತ್ತಾರೆ. ಕ್ಯೂಎಮು ತಾನಾಗಿ ತೋರಿಸುವುದು 1, ಅಂದರೆ ಹಳೆಯ ರೂಪ. ಹೊಸದು ಬೇಕಾದರೆ ಫೋರ್ಸ್-ಲೆಗಸಿ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಬೇಕು. ಎಂಐಟಿಯವರು ಪಾಠಕ್ಕೆ ಬಳಸುವ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನಲ್ಲೂ ಹಾಗೇ ಮಾಡಿದ್ದಾರೆ. ಹೌದು, ಎಂಐಟಿಯ ಮಕ್ಕಳೂ ಇದೇ ವರ್ಚುವಲ್ ಡಿಸ್ಕ್ ಮೇಲೆಯೇ ಕಲಿಯುತ್ತಾರೆ. ಅವರನ್ನು ಹಾರ್ಡ್‌ವೇರ್ ಎಲ್ಲಿ ಎಂದು ಯಾರೂ ಕೇಳಿದ ಹಾಗಿಲ್ಲ.

ಆಮೇಲೆ ಸಾಧನವನ್ನು ಎಬ್ಬಿಸಬೇಕು. ಸ್ಟೇಟಸ್ ರಿಜಿಸ್ಟರ್ ಇರುವುದು ಹೆಕ್ಸ್ 70ರಲ್ಲಿ. ಮೊದಲು ಅದಕ್ಕೆ 0 ಬರೆದು ರೀಸೆಟ್ ಮಾಡಬೇಕು. ಆಮೇಲೆ 1, ಅಂದರೆ ನಿನ್ನನ್ನು ನೋಡಿದೆ ಎಂದು. ಆಮೇಲೆ 3, ಅಂದರೆ ನಿನ್ನನ್ನು ನಡೆಸಲು ನನಗೆ ಬರುತ್ತದೆ ಎಂದು. ನಂತರ ಇಬ್ಬರಿಗೂ ಯಾವ ಯಾವ ಸೌಲಭ್ಯ ಬೇಕು ಎಂಬ ಮಾತುಕತೆ. ಅದು ಮುಗಿದ ಮೇಲೆ 11 ಬರೆಯಬೇಕು. ಬರೆದು ಮುಂದೆ ಹೋಗುವ ಹಾಗಿಲ್ಲ, ಮತ್ತೆ ಓದಿ ನೋಡಬೇಕು. ಸಾಧನಕ್ಕೆ ಒಪ್ಪಿಗೆ ಇಲ್ಲದಿದ್ದರೆ 8ರ ಬಿಟ್ ಅಲ್ಲಿ ಉಳಿದಿರುವುದಿಲ್ಲ. ಬರೆದದ್ದನ್ನೇ ಓದಿದರೆ ಬರೆದದ್ದೇ ಸಿಗುತ್ತದೆ ಎಂಬ ಸಾಮಾನ್ಯ ಪ್ರೋಗ್ರಾಂನ ನಂಬಿಕೆ ಇಲ್ಲಿ ಮುರಿಯುತ್ತದೆ. ಫರ್ಮ್‌ವೇರ್ ಕಲಿಯುವವರು ಮೊದಲು ಅರಗಿಸಿಕೊಳ್ಳಬೇಕಾದ್ದೇ ಇದು. ಕೆಲಸಗಳ ಸಾಲಾದ ಕ್ಯೂ ಸಿದ್ಧಪಡಿಸಿ ಕೊನೆಗೆ 15 ಬರೆದಾಗ ಸಾಧನ ಕೆಲಸಕ್ಕೆ ರೆಡಿ.

ಕ್ಯೂ ಯಾಕೆ ಬೇಕು? ವರ್ಚುವಲ್ ಯಂತ್ರದಲ್ಲಿ ರಿಜಿಸ್ಟರ್ ಮುಟ್ಟುವುದು ದುಬಾರಿ. ಪ್ರತಿ ಸಲವೂ ಪ್ರೊಸೆಸರ್ ಒಳಗಿನ ಕೆಲಸ ನಿಲ್ಲಿಸಿ ಹೊರಗೆ ಬಂದು, ಕ್ಯೂಎಮುವನ್ನು ಕೇಳಿ, ಮತ್ತೆ ಒಳಗೆ ಹೋಗಬೇಕು. ಹಾಗಾಗಿ ಕೆಲಸದ ವಿವರವನ್ನೆಲ್ಲ ಮಾಮೂಲಿ ಮೆಮೊರಿಯಲ್ಲಿ ಬರೆದಿಟ್ಟು, ಕೊನೆಗೆ ಒಂದೇ ಒಂದು ರಿಜಿಸ್ಟರ್ ತಟ್ಟುತ್ತಾರೆ. ಡಿಸ್ಕ್‌ನಿಂದ ಒಂದು ಸೆಕ್ಟರ್ ಓದಲು ಮೂರು ತುಂಡುಗಳ ಸರಪಳಿ ಕಟ್ಟಬೇಕು. ಮೊದಲನೆಯದು 16 ಬೈಟ್: ಓದಬೇಕೋ ಬರೆಯಬೇಕೋ, ಎಷ್ಟನೇ ಸೆಕ್ಟರ್ ಎಂಬ ವಿವರ. ಎರಡನೆಯದು ಡೇಟಾ ಬಂದು ಬೀಳುವ 512 ಬೈಟ್ ಜಾಗ. ಮೂರನೆಯದು ಒಂದೇ ಒಂದು ಬೈಟ್. ಕೆಲಸ ಆಯಿತೋ ಇಲ್ಲವೋ ಎಂದು ಸಾಧನ ಅಲ್ಲಿ ಬರೆಯುತ್ತದೆ, 0 ಅಂದರೆ ಆಯಿತು. ಜಾಣರು ಆ ಬೈಟ್‌ನಲ್ಲಿ ಮೊದಲೇ 255 ತುಂಬಿಟ್ಟಿರುತ್ತಾರೆ. ಇಲ್ಲದಿದ್ದರೆ ಹಳೆಯ ಸೊನ್ನೆಯನ್ನೇ ನೋಡಿ ಕೆಲಸ ಆಯಿತು ಅಂದುಕೊಳ್ಳುವ ಅಪಾಯ ಇದೆ. ಮಕ್ಕಳ ಕೋಡ್‌ನಲ್ಲಿ ಆ 255 ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಓದುಗರ ಹೊಸ ಲ್ಯಾಪ್‌ಟಾಪ್‌ನಲ್ಲಿರುವ ಎನ್‌ವಿಎಂಇ ಎಸ್‌ಎಸ್‌ಡಿ ಕೆಲಸ ಮಾಡುವುದೂ ಇದೇ ಧಾಟಿಯಲ್ಲಿ. ಮೆಮೊರಿಯಲ್ಲಿ ಕ್ಯೂ, ತಟ್ಟಲು ಒಂದು ರಿಜಿಸ್ಟರ್. ವರ್ಟ್‌ಐಒ ಡಿಸ್ಕ್‌ಗೆ ಡ್ರೈವರ್ ಬರೆದವರಿಗೆ ಎನ್‌ವಿಎಂಇ ಡ್ರೈವರ್ ಓದಲು ಕಷ್ಟವಾಗುವುದಿಲ್ಲ. ಎಲ್‌ಇಡಿ ಮಾತ್ರ ಮಿನುಗಿಸಿದವರಿಗೆ ಆಗುತ್ತದೆ.

ಇದೆಲ್ಲ ಪುಸ್ತಕ ನೋಡಿ ಬರೆಯುವ ಭಾಗ ಎಂದು ಯಾರಾದರೂ ಹೇಳಬಹುದು. ಸರಿ, ಪುಸ್ತಕದಲ್ಲಿ ಸಿಗದ ಎರಡು ಪ್ರಸಂಗ ಹೇಳುತ್ತೇನೆ.

ರಿಸ್ಕ್-ಫೈವ್ ಮೇಲೆ ಕೋಡ್ ಸರಿಯಾದ ಮೇಲೆ ಮಕ್ಕಳು ಅದನ್ನು ಆರ್ಮ್‌ನ ವರ್ಟ್ ಯಂತ್ರಕ್ಕೂ ತಂದರು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿತು. ನನ್ನ ಹತ್ತಿರ ಇದ್ದ ರಾಸ್ಪ್‌ಬೆರಿ ಪೈ 4 ಮೇಲೆ, ಲಿನಕ್ಸ್‌ನ ವರ್ಚುವಲೈಸೇಶನ್ ಸೌಲಭ್ಯವಾದ ಕೆವಿಎಂ ಹಾಕಿ ಓಡಿಸಿದರೆ ಸತ್ತುಹೋಯಿತು. ನೆಟ್‌ವರ್ಕ್ ಕಾರ್ಡಿನ ಆರು ಬೈಟ್‌ನ ಮ್ಯಾಕ್ ವಿಳಾಸ ಓದುವ ಜಾಗದಲ್ಲಿ ಡೇಟಾ ಅಬಾರ್ಟ್, ಅಂದರೆ ಆ ವಿಳಾಸ ಓದಲಾಗದು ಎಂಬ ಪ್ರೊಸೆಸರ್ ದೋಷ. ಅದೇ ಕೋಡ್, ಅದೇ ವಿಳಾಸ, ಅದೇ ಕ್ಯೂಎಮು. ಡಿಸ್ಕ್ ಭಾಗಕ್ಕೆ ಏನೂ ಆಗಿರಲಿಲ್ಲ.

ಕಾರಣ ಏನೆಂದರೆ, ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಮು ಆರ್ಮ್‌ನ ಒಂದೊಂದು ಆದೇಶವನ್ನೂ ತಾನೇ ಅನುವಾದಿಸಿ ಓಡಿಸುತ್ತದೆ. ಹಾಗಾಗಿ ಎಂಥ ಆದೇಶ ಬಂದರೂ ಅದಕ್ಕೆ ಪೂರ್ತಿ ಅರ್ಥವಾಗುತ್ತದೆ. ಪೈ ಮೇಲೆ ಕೆವಿಎಂ ಇರುವಾಗ ಆದೇಶಗಳು ನೇರವಾಗಿ ಪ್ರೊಸೆಸರ್‌ನಲ್ಲೇ ಓಡುತ್ತವೆ. ಸಾಧನದ ವಿಳಾಸ ಮುಟ್ಟಿದಾಗ ಮಾತ್ರ ಪ್ರೊಸೆಸರ್ ನಿಂತು, ಯಾವ ವಿಳಾಸ, ಎಷ್ಟು ಬೈಟ್, ತನ್ನ ಯಾವ ರಿಜಿಸ್ಟರ್‌ಗೆ ಎಂದು ಕೆವಿಎಂಗೆ ಚೀಟಿ ಕೊಡುತ್ತದೆ. ಸರಳವಾದ ಲೋಡ್, ಸ್ಟೋರ್‌ಗಳಿಗೆ ಈ ಚೀಟಿ ಪೂರ್ತಿ ಇರುತ್ತದೆ. ಓದುತ್ತಲೇ ವಿಳಾಸವನ್ನೂ ಒಂದು ಹೆಜ್ಜೆ ಮುಂದೆ ಸರಿಸುವ ಆದೇಶವಾದರೆ ಚೀಟಿ ಖಾಲಿ ಬರುತ್ತದೆ. ಆಗ ಏನು ಮಾಡಬೇಕು ಎಂದು ಕೆವಿಎಂಗೆ ಗೊತ್ತಾಗುವುದಿಲ್ಲ. ಮಕ್ಕಳು ಸಿ ಭಾಷೆಯಲ್ಲಿ ಒಂದೊಂದೇ ಬೈಟ್ ಓದುವ ಮಾಮೂಲಿ ಲೂಪ್ ಬರೆದಿದ್ದರು. ವೊಲಟೈಲ್ ಅನ್ನೂ ಹಾಕಿದ್ದರು. ಕಂಪೈಲರ್ ಅದನ್ನು ಚುರುಕು ಮಾಡಲು ಹೋಗಿ ಸರಿಯಾಗಿ ಈ ಎರಡು-ಕೆಲಸದ ಆದೇಶವನ್ನೇ ಹಾಕಿತ್ತು. ವೊಲಟೈಲ್ ಎಂದರೆ ಓದನ್ನು ಕೈಬಿಡಬೇಡ ಎಂದಷ್ಟೇ ಅರ್ಥ, ಇಂಥದ್ದೇ ಆದೇಶ ಬಳಸು ಎಂದಲ್ಲ. ಲಿನಕ್ಸ್ ಕರ್ನಲ್‌ನ ಆರ್ಮ್ ಭಾಗದಲ್ಲಿ ರಿಜಿಸ್ಟರ್ ಓದುವ ಪುಟ್ಟ ಫಂಕ್ಷನ್‌ಗಳನ್ನು ಅಸೆಂಬ್ಲಿಯಲ್ಲಿ ಕೈಯಾರೆ ಬರೆದಿರುತ್ತಾರೆ. ಯಾಕೆ ಎಂದು ಮಕ್ಕಳಿಗೆ ಅವತ್ತು ಗೊತ್ತಾಯಿತು. ಬಿಚ್ಚಿದ ಅಸೆಂಬ್ಲಿಯನ್ನು ಸಾಲು ಸಾಲಾಗಿ ಓದಿ ಆ ಆದೇಶವನ್ನು ಅವರೇ ಹುಡುಕಿ ತೋರಿಸಿದರು. ಬೆಂಗಳೂರಿನಲ್ಲಿ ನಮ್ಮ ಕೆಲಸದ ಸಂದರ್ಶನಗಳಿಗೆ ಬರುವ ಅನುಭವಸ್ಥರಲ್ಲೂ ಇದನ್ನು ಹೇಳಬಲ್ಲವರು ಕಡಿಮೆ.

ಎರಡನೆಯದು ಇನ್ನೂ ಕಠಿಣ. ಬೂಟ್‌ಲೋಡರ್ ನೆಟ್‌ವರ್ಕ್‌ನಿಂದ ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಮೂಲಕ ಕರ್ನಲ್ ತರುತ್ತಿತ್ತು. ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಯಾವತ್ತೂ ತೊಂದರೆ ಕೊಡಲಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ, ವರ್ಚುವಲ್ ಕಾರ್ಡನ್ನು ಅಲ್ಲಿನ ನೆಟ್‌ವರ್ಕ್‌ಗೆ ಬ್ರಿಡ್ಜ್ ಮಾಡಿದಾಗ (ನೇರವಾಗಿ ಸೇರಿಸಿದಾಗ) ಮಾತ್ರ ಲಿನಕ್ಸ್ ಆಗೊಮ್ಮೆ ಈಗೊಮ್ಮೆ ಬೂಟ್ ಆಗುವಾಗ ಬಿದ್ದುಹೋಗುತ್ತಿತ್ತು. ಪ್ರತಿ ಸಲವೂ ಬೇರೆ ಬೇರೆ ಕಡೆ. ಇಂಥ ದೋಷ ಬಂದರೆ ಅನುಭವ ಇರುವವರೂ ಉಸಿರು ಬಿಡುತ್ತಾರೆ. ಮಕ್ಕಳು ಬಿಡಲಿಲ್ಲ. ಕರ್ನಲ್ ಬಿದ್ದಾಗ ಕೆಟ್ಟಿದ್ದ ಮೆಮೊರಿಯನ್ನು ಡಂಪ್ ತೆಗೆದು ಬೈಟ್ ಬೈಟ್ ನೋಡಿದರು. ಕೆಟ್ಟ ಜಾಗದಲ್ಲಿ ಮೊದಲು 12 ಬೈಟ್‌ನ ಸಣ್ಣ ಹೆಡರ್. ಅದರ ಹಿಂದೆಯೇ ಸಾಲಾಗಿ ಆರು ಸಲ 255. ಸ್ವಲ್ಪ ಮುಂದೆ ಹೆಕ್ಸ್ 08, 06. ನೆಟ್‌ವರ್ಕ್ ಗೊತ್ತಿರುವವರಿಗೆ ಇದು ಏನೆಂದು ಹೊಳೆಯುತ್ತದೆ. ಆರು 255 ಅಂದರೆ ಎಲ್ಲರಿಗೂ ಕಳಿಸುವ ವಿಳಾಸ, 0806 ಅಂದರೆ ಈ ವಿಳಾಸ ಯಾರದ್ದು ಎಂದು ಕೇಳುವ ಎಆರ್‌ಪಿ ಪ್ಯಾಕೆಟ್. ಲ್ಯಾಬ್‌ನ ಯಾವುದೋ ಕಂಪ್ಯೂಟರ್ ಕಳಿಸಿದ ಪ್ಯಾಕೆಟ್ ಲಿನಕ್ಸ್ ಕರ್ನಲ್‌ನ ಹೊಟ್ಟೆಯೊಳಗೆ ಬಂದು ಕೂತಿತ್ತು.

ಹೇಗೆ ಬಂತು? ಪ್ಯಾಕೆಟ್ ಬಂದರೆ ಇಲ್ಲಿ ಹಾಕು ಎಂದು ಬೂಟ್‌ಲೋಡರ್ ನೆಟ್‌ವರ್ಕ್ ಸಾಧನಕ್ಕೆ ಮೆಮೊರಿಯ ಕೆಲವು ಜಾಗಗಳನ್ನು ಮೊದಲೇ ತೋರಿಸಿರುತ್ತದೆ. ಕರ್ನಲ್‌ಗೆ ಜಿಗಿಯುವ ಮುಂಚೆ ಸಾಧನಕ್ಕೆ ನಿಲ್ಲು ಎಂದು ಹೇಳಬೇಕು, ಅಂದರೆ ಸ್ಟೇಟಸ್ ರಿಜಿಸ್ಟರ್‌ಗೆ 0 ಬರೆಯಬೇಕು. ಬಾಡಿಗೆ ಮನೆ ಬಿಡುವಾಗ ಹಾಲಿನವನಿಗೆ ಹೇಳದೆ ಹೋದರೆ, ಮರುದಿನವೂ ಪ್ಯಾಕೆಟ್ ಹೊಸಬರ ಬಾಗಿಲಿಗೇ ಬಂದು ಬೀಳುತ್ತದಲ್ಲ, ಹಾಗೆ. ಲಿನಕ್ಸ್‌ನ ಸ್ವಂತ ಡ್ರೈವರ್ ಬಂದು ಸಾಧನವನ್ನು ರೀಸೆಟ್ ಮಾಡುವವರೆಗೆ ಸೆಕೆಂಡಿನ ಒಂದು ಭಾಗ ಮಾತ್ರ ಈ ಬಾಗಿಲು ತೆರೆದಿರುತ್ತದೆ. ಅಷ್ಟರಲ್ಲಿ ಪ್ಯಾಕೆಟ್ ಬಂದರೆ ಆ ಜಾಗ ಈಗ ಯಾರದ್ದೋ, ಅದು ಹಾಳು. ಮನೆಯಲ್ಲಿ ಕ್ಯೂಎಮುವಿನ ಒಳ ನೆಟ್‌ವರ್ಕ್‌ನಲ್ಲಿ ಕೇಳದೆ ಬರುವ ಪ್ಯಾಕೆಟ್ ಇಲ್ಲದ ಕಾರಣ ದೋಷ ಕಾಣಲಿಲ್ಲ. ಡಿಸ್ಕ್ ಡ್ರೈವರ್‌ನಲ್ಲೂ ಕಾಣಲಿಲ್ಲ, ಯಾಕೆಂದರೆ ಡಿಸ್ಕ್ ಕೇಳದೆ ಏನನ್ನೂ ಕೊಡುವುದಿಲ್ಲ. ಸರ್ವರ್‌ಗಳಲ್ಲಿ ಬಳಸುವ ಯುಇಎಫ್‌ಐ ಫರ್ಮ್‌ವೇರ್‌ನ ಮುಕ್ತ ಕೋಡ್ ಆದ ಇಡಿಕೆ2 ತೆರೆದು ನೋಡಿ, ವರ್ಟ್‌ಐಒ ಡ್ರೈವರ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುವ ಗಳಿಗೆಗೆಂದೇ ಸಾಧನವನ್ನು ರೀಸೆಟ್ ಮಾಡುವ ಪುಟ್ಟ ಫಂಕ್ಷನ್ ಇದೆ. ನಿಜವಾದ ನೆಟ್‌ವರ್ಕ್ ಚಿಪ್‌ಗಳಲ್ಲೂ ಇದೇ ನಿಯಮ, ಇದೇ ದೋಷ, ಇದೇ ಮದ್ದು.

ಪರೀಕ್ಷಕರು ಕೇಳಿದ ಹಾರ್ಡ್‌ವೇರ್ ಇಲ್ಲಿತ್ತು. ರಿಜಿಸ್ಟರ್‌ನ ಕ್ರಮದಲ್ಲಿ, ಮೆಮೊರಿಯನ್ನು ಸಾಧನದ ಜೊತೆ ಹಂಚಿಕೊಳ್ಳುವ ಶಿಸ್ತಿನಲ್ಲಿ, ಯಾವ ಗಳಿಗೆಯಲ್ಲಿ ಯಾವ ಬೈಟ್ ಯಾರದ್ದು ಎಂಬ ಲೆಕ್ಕದಲ್ಲಿ.

ಬೋರ್ಡ್‌ನ ಬೆಲೆ ನನಗೂ ಗೊತ್ತು, ಅದು ಕಲಿಸುವುದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಮೆಮೊರಿ ಚಿಪ್‌ಗಳನ್ನು ಹದಕ್ಕೆ ತರುವುದು, ಕ್ಲಾಕ್ ಸಿದ್ಧ ಮಾಡುವುದು, ವೋಲ್ಟೇಜ್ ಏರುಪೇರು, ಸರಿಯಾಗಿ ಕೂರದ ಕನೆಕ್ಟರ್, ಇವು ಯಾವುವೂ ಕ್ಯೂಎಮುವಿನಲ್ಲಿ ಇಲ್ಲ. ಅಲ್ಲಿ ಮೆಮೊರಿ ಶುರುವಿನಿಂದಲೇ ಕೆಲಸ ಮಾಡುತ್ತದೆ. ಆಸಿಲೋಸ್ಕೋಪ್ ಹಿಡಿದು ಸಿಗ್ನಲ್ ನೋಡುವ ಅನುಭವಕ್ಕೆ ಬದಲಿ ಇಲ್ಲ. ಇನ್ನೂ ಒಂದು. ಕ್ಯೂಗೆ ಕೆಲಸ ಸೇರಿಸುವಾಗ ಬರಹಗಳ ಕ್ರಮ ಕಾಯುವ ಬ್ಯಾರಿಯರ್ ಆದೇಶ ಬಿಟ್ಟರೂ ಇಂಟೆಲ್ ಲ್ಯಾಪ್‌ಟಾಪ್ ಮೇಲಿನ ವರ್ಚುವಲ್ ಯಂತ್ರದಲ್ಲಿ ಎಷ್ಟೋ ಸಲ ಕೋಡ್ ಓಡಿಬಿಡುತ್ತದೆ, ಆ ಪ್ರೊಸೆಸರ್‌ಗಳು ಬರಹದ ಕ್ರಮವನ್ನು ಬಿಗಿಯಾಗಿ ಕಾಯುತ್ತವೆ. ಆರ್ಮ್ ಮೇಲೆ ಹೋದರೆ ಬಣ್ಣ ಬಯಲಾಗುತ್ತದೆ. ಅಧ್ಯಾಪಕರು ಇದನ್ನು ಗಮನಿಸಿ ಕೇಳಬೇಕು. ಬೋರ್ಡ್ ಇರಲಿ, ಖಂಡಿತ ಇರಲಿ. ಬೋರ್ಡ್ ಇಲ್ಲ ಎಂಬ ಒಂದೇ ಕಾರಣಕ್ಕೆ ಈ ಕೆಲಸವನ್ನು ತಳ್ಳಿಹಾಕಬೇಡಿ ಎಂದಷ್ಟೇ ನನ್ನ ವಾದ.

ಜಿಲ್ಲಾ ಕಾಲೇಜುಗಳ ಲ್ಯಾಬ್ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ನಾನು ಹೋಗುವ ಕಾಲೇಜಿನಲ್ಲಿ ಬೋರ್ಡ್‌ಗಳು ಬೀರುವಿನೊಳಗೆ ಇರುತ್ತವೆ. ಸುಟ್ಟುಹೋದರೆ ಯಾರು ಉತ್ತರ ಕೊಡಬೇಕು ಎಂಬ ಭಯದಲ್ಲಿ ಪರೀಕ್ಷೆ ದಿನ ಮಾತ್ರ ಹೊರಗೆ ಬರುತ್ತವೆ. ಒಂದು ಬೋರ್ಡ್ ಸುತ್ತ ಒಂದು ಗುಂಪು ನಿಲ್ಲುತ್ತದೆ, ಒಬ್ಬರು ಟೈಪ್ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಕ್ಯೂಎಮು ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಕೆಡಿಸಬಹುದು, ಮತ್ತೆ ಶುರು ಮಾಡಬಹುದು, ಏನೂ ಸುಡುವುದಿಲ್ಲ. ಪ್ರೊಸೆಸರ್‌ನ ಮೊದಲ ಆದೇಶದಲ್ಲೇ ನಿಲ್ಲಿಸಿ, ಡೀಬಗ್ಗರ್ ಸಿಕ್ಕಿಸಿ, ಒಂದೊಂದೇ ಹೆಜ್ಜೆ ನಡೆಸಿ ನೋಡಬಹುದು. ಅಗ್ಗದ ಬೋರ್ಡ್‌ಗಳಲ್ಲಿ ಇದಕ್ಕೆ ಬೇರೆ ಉಪಕರಣ ಕೊಳ್ಳಬೇಕು.

ಇನ್ನು, ಉದ್ಯಮ ಇದನ್ನು ಕೆಲಸ ಎಂದು ಒಪ್ಪುತ್ತದೆಯೇ ಎಂಬ ಪ್ರಶ್ನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಇಲ್ಲಿ ಚಿಪ್ ಕೆಲಸ ಬೆಳೆದಿದೆ. ಚಿಪ್ ಕಾರ್ಖಾನೆಯಿಂದ ಬರುವ ಎಷ್ಟೋ ತಿಂಗಳು ಮುಂಚೆಯೇ ಅದರ ಫರ್ಮ್‌ವೇರ್ ಶುರುವಾಗಿರುತ್ತದೆ. ಆಗ ಹೆಚ್ಚಾಗಿ ಬರೆಯುವುದು ವರ್ಚುವಲ್ ಯಂತ್ರದ ಮೇಲೆಯೇ. ಆರ್ಮ್ ಕಂಪನಿ ಇದಕ್ಕೆಂದೇ ಕೊಡುವ ವರ್ಚುವಲ್ ಪ್ಲಾಟ್‌ಫಾರ್ಮ್‌ನಲ್ಲೂ ಮೆಮೊರಿ-ಮ್ಯಾಪ್ಡ್ ವರ್ಟ್‌ಐಒ ಡಿಸ್ಕ್ ಇದೆ. ಯು-ಬೂಟ್ ಎಂಬ ಮುಕ್ತ ಬೂಟ್‌ಲೋಡರ್‌ನಲ್ಲಿ ಇದಕ್ಕೆ ಡ್ರೈವರ್ ಇದೆ. ಹಳೇ ಪಿಸಿ ಬಯೋಸ್‌ನ ಮುಕ್ತ ರೂಪವಾದ ಸೀಬಯೋಸ್‌ಗೂ ಸೇರಿಸಿದ್ದಾರೆ. 2018ರಲ್ಲಿ ಅಮೆಜಾನ್ ಹೊರಬಿಟ್ಟ ಫೈರ್‌ಕ್ರ್ಯಾಕರ್ ಎಂಬ ಪುಟಾಣಿ ವರ್ಚುವಲ್ ಯಂತ್ರದ ಡಿಸ್ಕ್, ನೆಟ್‌ವರ್ಕ್ ನಿಂತಿದ್ದೂ ಇದರ ಮೇಲೆ. ಅದನ್ನು ನೋಡಿಯೇ ಕ್ಯೂಎಮುವಿನವರು 2019ರಲ್ಲಿ ಮೈಕ್ರೋವಿಎಂ ಯಂತ್ರ ತಂದರು. ಇವೆಲ್ಲ ಸಂಬಳ ಕೊಡುವ ಕೆಲಸಗಳು.

ಕೊನೆಗೆ, ಕೊಂಡು ತಂದ ಪ್ರಾಜೆಕ್ಟ್ ಹಿಡಿಯುವುದು ಹೇಗೆ ಎಂಬ ಲೇಖಕರ ಪ್ರಶ್ನೆಗೆ ಬರುತ್ತೇನೆ. ವರ್ಚುವಲ್ ಸಾಧನವಾದರೆ ಇದು ಬೋರ್ಡ್‌ಗಿಂತ ಸುಲಭ. ಪರೀಕ್ಷಕರು ಡಿಸ್ಕನ್ನು ಬೇರೆ ಸ್ಲಾಟಿಗೆ ಹಾಕಿ ಓಡಿಸಲು ಹೇಳಲಿ. ವಿಳಾಸ ಗಟ್ಟಿಯಾಗಿ ಬರೆದ ಕೋಡ್ ಅಲ್ಲೇ ನಿಂತುಹೋಗುತ್ತದೆ. ಫೋರ್ಸ್-ಲೆಗಸಿಯನ್ನು ಮತ್ತೆ ಟ್ರೂ ಮಾಡಿ, ಆವೃತ್ತಿ 1 ಕಂಡಾಗ ಕೋಡ್ ಏನು ಹೇಳುತ್ತದೆ ನೋಡಲಿ. ಎರಡು ಡಿಸ್ಕ್ ಕೊಟ್ಟು ಯಾವುದರಿಂದ ಓದುತ್ತದೆ ಎಂದು ಕೇಳಲಿ. ಕ್ಯೂಎಮುವಿನಲ್ಲಿ ವರ್ಟ್‌ಐಒ ರಿಜಿಸ್ಟರ್‌ಗಳ ಟ್ರೇಸ್ ಹಾಕಿದರೆ ಕೋಡ್ ಮುಟ್ಟಿದ ಪ್ರತಿ ರಿಜಿಸ್ಟರ್ ಸಾಲಾಗಿ ಪರದೆಗೆ ಬರುತ್ತದೆ. 0, 1, 3, 11, 15 ಎಲ್ಲಿ ಬಂತು ಎಂದು ವಿದ್ಯಾರ್ಥಿ ಬೆರಳಿಟ್ಟು ತೋರಿಸಲಿ. ಕೊನೆಯ 0 ಎಲ್ಲಿ, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಲಿ. ಕೊಂಡು ತಂದವರು ಇದಕ್ಕೆ ಉತ್ತರ ಕೊಡಲಾರರು. ಆ ಮೂವರು ಕೊಡುತ್ತಾರೆ, ಅವರಿಗೆ ಇನ್ನೊಮ್ಮೆ ಅವಕಾಶ ಸಿಕ್ಕರೆ.

ಇಂತಿ,
ಫರ್ಮ್‌ವೇರ್ ಎಂಜಿನಿಯರ್ ಒಬ್ಬಳು, ತಿಪಟೂರು